ಕುಂಚ ಒಂದು, ನಾಲಿಗೆ ಮೂರು

1711ನೇ ಇಸವಿ. ಜಪಾನಿನ ಎಡೋ ನಗರಕ್ಕೆ, ಅಂದರೆ ಇಂದಿನ ಟೋಕಿಯೋಗೆ, ಕೊರಿಯಾದ ರಾಜನ ಕಡೆಯಿಂದ ದೊಡ್ಡ ನಿಯೋಗವೊಂದು ಬಂದಿತ್ತು. ಅದರ ಮುಖ್ಯಸ್ಥ ಜೋ ತೆ-ಒಕ್. ಅವನೊಡನೆ ಮಾತಿಗೆ ಕೂತವನು ಜಪಾನನ್ನು ಆಳುತ್ತಿದ್ದ ಶೋಗನ್ನನ ಸಲಹೆಗಾರನೂ ಆ ಕಾಲದ ಹಿರಿಯ ಪಂಡಿತನೂ ಆದ ಅರಾಯ್ ಹಾಕುಸೆಕಿ. ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದು. ಆದರೂ ಹರಟೆ ಸೊಗಸಾಗಿಯೇ ಸಾಗಿತು. ಒಬ್ಬ ಕುಂಚ ಅದ್ದಿ ನಾಲ್ಕು ಸಾಲು ಬರೆದು ಕಾಗದವನ್ನು ಮುಂದಕ್ಕೆ ಸರಿಸುವನು, ಇನ್ನೊಬ್ಬ ಓದಿ ಅದರ ಪಕ್ಕದಲ್ಲೇ ಉತ್ತರ ಬರೆಯುವನು. ಇಬ್ಬರೂ ಬರೆದದ್ದು ಹಳೆಯ ಚೀನೀ ಭಾಷೆ. ಅದು ಇಬ್ಬರಲ್ಲಿ ಯಾರ ಮನೆಮಾತೂ ಅಲ್ಲ.

ಇಂಥ ಕುಂಚ ಸಂಭಾಷಣೆ ಪೂರ್ವ ಏಷ್ಯಾದಲ್ಲಿ ಶತಮಾನಗಳ ಕಾಲ ನಡೆದುಬಂದ ಪದ್ಧತಿ. 1607ರಿಂದ 1811ರವರೆಗೆ ಕೊರಿಯಾದ ಹನ್ನೆರಡು ನಿಯೋಗಗಳು ಜಪಾನಿಗೆ ಹೋದವು. ಒಂದೊಂದರಲ್ಲೂ ಮುನ್ನೂರರಿಂದ ಐನೂರು ಜನ. 1719ರ ನಿಯೋಗದಲ್ಲಿದ್ದ ಶಿನ್ ಯು-ಹಾನ್ ಎಂಬ ಕವಿ ತನ್ನ ಪ್ರವಾಸ ಕಥನದಲ್ಲಿ ಒಂದು ಗೋಳು ತೋಡಿಕೊಂಡಿದ್ದಾನೆ: ಇಳಿದುಕೊಂಡ ಊರೂರಿನಲ್ಲೂ ಜಪಾನೀಯರು ಕಾಗದ ಹಿಡಿದು ಮುತ್ತಿಕೊಂಡು, ಒಂದು ಪದ್ಯ ಬರೆದುಕೊಡಿ ಎಂದು ಪೀಡಿಸಿ, ರಾತ್ರಿ ನಿದ್ದೆಗೂ ಬಿಡಲಿಲ್ಲವಂತೆ.

ಹೊರಗಿನಿಂದ ನೋಡಿದವರು ಇಂಥದ್ದನ್ನೆಲ್ಲ ಕಂಡು ಸುಲಭವಾದ ತೀರ್ಮಾನಕ್ಕೆ ಬರುತ್ತಾರೆ. ಚೀನೀಯರು, ಜಪಾನೀಯರು, ಕೊರಿಯನ್ನರು ಒಂದೇ ಮೂಲದವರು, ಅವರ ಭಾಷೆಗಳೂ ಒಂದೇ ಬೇರಿನವು ಎಂಬುದು ಆ ತೀರ್ಮಾನ. ಲಿಪಿ ಒಂದೇ, ಬೌದ್ಧ ವಿಹಾರ ಒಂದೇ ಬಗೆಯದು, ಕನ್‌ಫ್ಯೂಷಿಯಸ್ಸನ ಪಾಠ ಒಂದೇ, ಊಟದ ಕಡ್ಡಿಯೂ ಒಂದೇ. ಇನ್ನೇನು ಬೇಕು? ಆದರೆ ಭಾಷಾಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಈ ಮೂವರು ಒಂದೇ ಮನೆಯಲ್ಲಿ ಹುಟ್ಟಿದವರಲ್ಲ, ಒಂದೇ ಮಠದಲ್ಲಿ ಓದಿದವರು. ಅದರಲ್ಲೂ ಒಬ್ಬರು ಮೇಷ್ಟ್ರು, ಇಬ್ಬರು ಶಿಷ್ಯರು.

ಚೀನೀ ಭಾಷೆಯ ರಕ್ತಸಂಬಂಧಿಗಳು ಇರುವುದು ಪೂರ್ವಕ್ಕಲ್ಲ, ನೈಋತ್ಯಕ್ಕೆ. ಅದು ಟಿಬೆಟನ್, ಬರ್ಮೀ, ಮಣಿಪುರಿ, ಬೋಡೋ ಭಾಷೆಗಳಿರುವ ಸೀನೋ-ಟಿಬೆಟನ್ ಕುಟುಂಬದ್ದು. ಮೂರು ಎನ್ನುವುದಕ್ಕೆ ದಕ್ಷಿಣ ಚೀನಾದ ಕ್ಯಾಂಟನೀಸ್ ಮಾತಿನಲ್ಲಿ ‘ಸಾಮ್’, ಟಿಬೆಟನ್ನಿನಲ್ಲಿ ‘ಸುಮ್’, ಮಣಿಪುರಿಯಲ್ಲಿ ‘ಅಹುಮ್’. ಐದಕ್ಕೆ ಕ್ಯಾಂಟನೀಸಿನಲ್ಲಿ ಮೂಗಿನ ‘ಙ್’, ಟಿಬೆಟನ್ನಿನಲ್ಲಿ ‘ಙ’. ಹೀಗಾಗಿ ಕರ್ನಾಟಕದಲ್ಲಿ ಚೀನೀ ಭಾಷೆಯ ಬಳಗವನ್ನು ಹುಡುಕುವವರು ಬೈಲಕುಪ್ಪೆಗೋ ಮುಂಡಗೋಡಕ್ಕೋ ಹೋಗಿ ಅಲ್ಲಿನ ಟಿಬೆಟನ್ನರ ಮಾತು ಕೇಳಬೇಕು. ಟೋಕಿಯೋದಲ್ಲೂ ಸೋಲ್‌ನಲ್ಲೂ ಆ ಬಳಗ ಸಿಗದು.

ಜಪಾನಿಗೂ ಕೊರಿಯನ್ನಿಗೂ ಬಂದರೆ ನೋಟವೇ ಬೇರೆ. ‘ನಾನು ಅನ್ನ ತಿನ್ನುತ್ತೇನೆ’ ಎಂಬ ವಾಕ್ಯವನ್ನು ಜಪಾನಿನವನು ‘ವತಾಶಿ ವ ಗೋಹಾನ್ ಒ ತಬೆರು’ ಎನ್ನುತ್ತಾನೆ, ಕೊರಿಯಾದವನು ‘ನಾನುನ್ ಪಾಬುಲ್ ಮೊಂಗ್‌ನುಂದಾ’ ಎನ್ನುತ್ತಾನೆ. ಕರ್ತೃ ಮೊದಲು, ಕರ್ಮ ನಡುವೆ, ಕ್ರಿಯಾಪದ ಕೊನೆಗೆ. ನಾಮಪದದ ಬೆನ್ನಿಗೆ ವಿಭಕ್ತಿಯಂಥ ಪ್ರತ್ಯಯ. ಕನ್ನಡದವರಿಗೆ ಈ ಎರಡೂ ಭಾಷೆಗಳ ವಾಕ್ಯರಚನೆ ತಟ್ಟನೆ ಒಗ್ಗುವುದು ಇದೇ ಕಾರಣಕ್ಕೆ. ಚೀನೀಯರು ‘ವೋ ಚಿ ಫಾನ್’ ಎನ್ನುತ್ತಾರೆ: ನಾನು, ತಿನ್ನು, ಅನ್ನ. ಪ್ರತ್ಯಯದ ಗೊಡವೆಯಿಲ್ಲ, ಪದಗಳ ರೂಪ ಬದಲಾಗುವುದಿಲ್ಲ, ಸ್ಥಾನವೇ ಎಲ್ಲವನ್ನೂ ಹೇಳುತ್ತದೆ. ಜೊತೆಗೆ ಏರಿಳಿತದ ಸ್ವರಗಳು. ಮ್ಯಾಂಡರಿನ್ ಮಾತಿನಲ್ಲಿ ಅವು ನಾಲ್ಕು. ಸ್ವರ ತಪ್ಪಿದರೆ ಅರ್ಥ ತಪ್ಪಿತು.

ಆ ಜಪಾನೀ ವಾಕ್ಯದಲ್ಲೊಂದು ಸ್ವಾರಸ್ಯವಿದೆ. ‘ಗೋಹಾನ್’ ಎಂಬುದರಲ್ಲಿ ‘ಗೋ’ ಗೌರವಸೂಚಕ, ‘ಹಾನ್’ ಎಂಬುದು ಚೀನೀ ‘ಫಾನ್’ನಿಂದ ಬಂದದ್ದು. ವಾಕ್ಯದ ಎಲುಬು ಜಪಾನಿನದು, ತಟ್ಟೆಯಲ್ಲಿರುವ ಅನ್ನದ ಹೆಸರು ಚೀನಾದ್ದು.

ಸಂಖ್ಯೆಗಳಲ್ಲಿ ಈ ಇಬ್ಬಗೆತನ ಇನ್ನೂ ಸ್ಪಷ್ಟ. ಚೀನಾದ ‘ಸಾನ್’ ಕೊರಿಯಾದಲ್ಲಿ ‘ಸಾಮ್’, ಜಪಾನಿನಲ್ಲಿ ‘ಸಾನ್’. ಇದನ್ನು ಕೇಳಿ ಮೂರೂ ಒಂದೇ ಎನ್ನುವಂತಿಲ್ಲ, ಏಕೆಂದರೆ ಎರಡೂ ನಾಡುಗಳಲ್ಲಿ ಇನ್ನೊಂದು ಸಂಖ್ಯಾಮಾಲೆ ಬದುಕಿದೆ. ಕೊರಿಯನ್ನರು ‘ಹನಾ, ತುಲ್, ಸೆತ್, ನೆತ್, ತಾಸೊತ್’ ಎಂದು ಎಣಿಸುತ್ತಾರೆ. ಜಪಾನೀಯರು ‘ಹಿತೋತ್ಸು, ಫುತಾತ್ಸು, ಮಿತ್ಸು, ಯೋತ್ಸು, ಇತ್ಸುತ್ಸು’ ಎಂದು. ಇವು ಚೀನೀ ಸಂಖ್ಯೆಗಳನ್ನೂ ಹೋಲುವುದಿಲ್ಲ, ಒಂದನ್ನೊಂದೂ ಹೋಲುವುದಿಲ್ಲ. ಕೊರಿಯಾದಲ್ಲಿ ಇಂದಿಗೂ ಗಂಟೆ ಹೇಳುವಾಗ ಸ್ವಂತದ ಸಂಖ್ಯೆ, ನಿಮಿಷ ಹೇಳುವಾಗ ಚೀನೀ ಸಂಖ್ಯೆ. ಮೂರೂವರೆ ಎನ್ನಬೇಕಾದವರು ಒಂದೇ ಉಸಿರಿನಲ್ಲಿ ಎರಡು ಭಾಷೆಗಳ ಲೆಕ್ಕ ಹೇಳುತ್ತಾರೆ.

ಕನ್ನಡ ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹದಿಮೂರನೆಯ ಶತಮಾನದಲ್ಲೇ ಕೇಶಿರಾಜ ತನ್ನ ವ್ಯಾಕರಣದಲ್ಲಿ ತತ್ಸಮ, ತದ್ಭವ, ದೇಶ್ಯ ಎಂದು ಪದಗಳನ್ನು ವಿಂಗಡಿಸಿಟ್ಟಿದ್ದ. ಸಂಸ್ಕೃತದ ಪದ ಎಷ್ಟೇ ಬಂದು ಸೇರಲಿ, ಕನ್ನಡದ ಕ್ರಿಯಾಪದ, ಸರ್ವನಾಮ, ವಿಭಕ್ತಿಗಳು ಬೇರೆ ಕುಲದವು ಎಂಬುದನ್ನು 1816ರಲ್ಲಿ ಎಲ್ಲಿಸ್, 1856ರಲ್ಲಿ ಕಾಲ್ಡ್‌ವೆಲ್ ದಕ್ಷಿಣದ ಭಾಷೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ಚೀನೀ ಪದಗಳಿಗೂ ಜಪಾನೀ-ಕೊರಿಯನ್ ವ್ಯಾಕರಣಕ್ಕೂ ಇರುವ ನಂಟು ಹೆಚ್ಚುಕಡಿಮೆ ಇದೇ ಬಗೆಯದು.

ಈ ಪಾಠ ಶುರುವಾದದ್ದು ಯಾವಾಗ? 1784ರಲ್ಲಿ ಜಪಾನಿನ ಕ್ಯೂಶೂ ಬಳಿಯ ಶಿಕಾನೋಶಿಮಾ ಎಂಬ ಪುಟ್ಟ ದ್ವೀಪದಲ್ಲಿ ಗದ್ದೆ ಕೆಲಸ ಮಾಡುತ್ತಿದ್ದವರಿಗೆ ಚಿನ್ನದ ಮುದ್ರೆಯೊಂದು ಸಿಕ್ಕಿತು. ಅದರ ಮೇಲೆ ಐದು ಚೀನೀ ಅಕ್ಷರ. ಕ್ರಿ.ಶ. 57ರಲ್ಲಿ ಹಾನ್ ಚಕ್ರವರ್ತಿ ಪೂರ್ವ ಸಮುದ್ರದಾಚೆಯ ನಾ ಎಂಬ ನಾಡಿನ ದೊರೆಗೆ ಮುದ್ರೆ ಕೊಟ್ಟನೆಂದು ಚೀನಾದ ಇತಿಹಾಸ ಗ್ರಂಥ ಹೇಳುತ್ತದೆ. ಅದೇ ಮುದ್ರೆ ಇದೆಂದು ನಂಬಲಾಗಿದೆ. ಪಡೆದವನಿಗೆ ಅದರ ಮೇಲಿನ ಅಕ್ಷರ ಓದಲು ಬಂದೀತೆಂದು ತೋರುವುದಿಲ್ಲ. ಅಕ್ಷರ ಮೊದಲು ಬಂದದ್ದು ಅಧಿಕಾರದ ಗುರುತಾಗಿ, ಓದು ಆಮೇಲಿನದು.

ಕೊರಿಯಾದ ಗೊಗುರ್ಯೋ ರಾಜ್ಯ 414ರಲ್ಲಿ ತನ್ನ ದೊರೆ ಗ್ವಾಂಗೆತೋನ ಹೆಸರಿನಲ್ಲಿ ನಿಲ್ಲಿಸಿದ ಆರು ಮೀಟರಿಗೂ ಎತ್ತರದ, ಚೀನೀ ಭಾಷೆಯ ಶಿಲಾಶಾಸನ ಇಂದಿನ ಚೀನಾದ ಜಿಲಿನ್ ಪ್ರಾಂತ್ಯದಲ್ಲಿದೆ. ಬೌದ್ಧ ಧರ್ಮ 372ರಲ್ಲಿ ಗೊಗುರ್ಯೋಗೆ, 384ರಲ್ಲಿ ಪೆಕ್ಚೆ ರಾಜ್ಯಕ್ಕೆ ಬಂತು. ಆರನೆಯ ಶತಮಾನದ ನಡುವಿನಲ್ಲಿ ಪೆಕ್ಚೆಯ ರಾಜನೇ ಬುದ್ಧವಿಗ್ರಹವನ್ನೂ ಸೂತ್ರಗ್ರಂಥಗಳನ್ನೂ ಜಪಾನಿಗೆ ಕಳುಹಿಸಿದ. ಅದಕ್ಕೂ ಮುಂಚೆ ವಾನಿ ಎಂಬ ಪೆಕ್ಚೆಯ ಪಂಡಿತ ಕನ್‌ಫ್ಯೂಷಿಯಸ್ಸನ ಸೂಕ್ತಿಗಳನ್ನೂ ‘ಸಾವಿರ ಅಕ್ಷರ’ ಎಂಬ ಮಕ್ಕಳ ಪಾಠಪುಸ್ತಕವನ್ನೂ ಜಪಾನಿಗೆ ಒಯ್ದನೆಂದು ಪುರಾತನ ಐತಿಹ್ಯ. ತಮಾಷೆಯೆಂದರೆ ಆ ಪಾಠಪುಸ್ತಕ ಚೀನಾದಲ್ಲಿ ರಚನೆಯಾದದ್ದು ಆರನೆಯ ಶತಮಾನದಲ್ಲಿ, ವಾನಿ ಬಂದನೆನ್ನಲಾದ ಕಾಲಕ್ಕಿಂತ ನೂರು ವರ್ಷವಾದರೂ ಈಚೆಗೆ. ಐತಿಹ್ಯಗಳಿಗೆ ಇಂಥ ತೊಡಕು ಬಾಧಿಸುವುದಿಲ್ಲ. ಒಂದಂಶ ಮಾತ್ರ ನಿಜ: ಚೀನಾದ ವಿದ್ಯೆ ಜಪಾನಿಗೆ ಮೊದಲು ತಲುಪಿದ್ದು ಹೆಚ್ಚಾಗಿ ಕೊರಿಯಾದ ಕೈಯಿಂದ.

ಬಂದ ಲಿಪಿಯನ್ನು ಹೊಂದಿಸಿಕೊಳ್ಳುವುದಿದೆಯಲ್ಲ, ಅದು ಮುಳ್ಳಿನ ಕೆಲಸ. ಪ್ರತ್ಯಯವೇ ಇಲ್ಲದ ಭಾಷೆಯ ಲಿಪಿಯಲ್ಲಿ ಪ್ರತ್ಯಯಗಳಿಂದಲೇ ಬದುಕುವ ಭಾಷೆಯನ್ನು ಬರೆಯುವುದು ಹೇಗೆ? ಮೊದಲ ಉಪಾಯ ಅಕ್ಷರದ ಅರ್ಥವನ್ನು ಬಿಟ್ಟು ಉಚ್ಚಾರವನ್ನಷ್ಟೇ ಎತ್ತಿಕೊಳ್ಳುವುದು. ಜಪಾನಿನ ಸೈತಾಮಾ ಪ್ರಾಂತ್ಯದ ಗೋರಿಯೊಂದರಲ್ಲಿ 1968ರಲ್ಲಿ ತುಕ್ಕು ಹಿಡಿದ ಕತ್ತಿ ಸಿಕ್ಕಿತ್ತು. ಹತ್ತು ವರ್ಷದ ಮೇಲೆ ಎಕ್ಸ್-ರೇ ಹಿಡಿದಾಗ ಅದರೊಳಗಿಂದ ಚಿನ್ನದಲ್ಲಿ ಕೂರಿಸಿದ 115 ಅಕ್ಷರಗಳು ಮೂಡಿಬಂದವು. ವಾಕ್ಯ ಚೀನೀ, ಕಾಲ 471 ಎಂದು ಹೆಚ್ಚಿನವರ ಮತ. ಆದರೆ ದೊರೆಯ ಹೆಸರು ‘ವಾಕಾತಾಕೆರು’ ಎಂದು ಉಚ್ಚಾರಕ್ಕೆ ತಕ್ಕಂತೆ ಅಕ್ಷರ ಪೋಣಿಸಿ ಬರೆದದ್ದು.

ಎಂಟನೆಯ ಶತಮಾನದ ‘ಮಾನ್ಯೋಶೂ’ ಸಂಕಲನದಲ್ಲಿ ಸುಮಾರು 4,500 ಕವಿತೆಗಳನ್ನು ಇದೇ ಉಪಾಯದಿಂದ ಬರೆದಿಡಲಾಗಿದೆ. ಬರೆದವರು ಕೀಟಲೆ ಸ್ವಭಾವದವರೂ ಹೌದು. ‘ಕುಕು’ ಎಂಬ ಎರಡು ಧ್ವನಿಗಳನ್ನು ಬರೆಯಬೇಕಾದ ಕಡೆ ಅವರು ಎಂಬತ್ತೊಂದು ಎಂದು ಬರೆದರು. ಒಂಬತ್ತಕ್ಕೆ ‘ಕು’, ಒಂಬತ್ತೊಂಬತ್ಲಿ ಎಂಬತ್ತೊಂದು. ಮಗ್ಗಿ ಬಾರದವನಿಗೆ ಕವಿತೆಯೂ ಬಾರದು. ಕೊರಿಯಾದಲ್ಲೂ ಇಂಥ ಪ್ರಯೋಗ ನಡೆಯಿತು. ಕ್ರಿಯಾಪದದ ತಿರುಳನ್ನು ಅರ್ಥದಿಂದ, ಅದರ ಬಾಲವನ್ನು ಧ್ವನಿಯಿಂದ ಬರೆದ ‘ಹ್ಯಾಂಗಾ’ ಎಂಬ ಹಾಡುಗಳಲ್ಲಿ ಉಳಿದು ಬಂದಿರುವುದು ಇಪ್ಪತ್ತೈದು ಮಾತ್ರ.

ಜಪಾನಿನಲ್ಲಿ ಒಂಬತ್ತನೆಯ ಶತಮಾನದ ಹೊತ್ತಿಗೆ ಈ ಧ್ವನ್ಯಕ್ಷರಗಳು ಸವೆದು ಸರಳವಾದವು. ಸೂತ್ರಗಳ ಅಂಚಿನಲ್ಲಿ ಟಿಪ್ಪಣಿ ಗೀಚುತ್ತಿದ್ದ ಭಿಕ್ಷುಗಳು ಅಕ್ಷರದ ಒಂದು ಮೂಲೆಯನ್ನಷ್ಟೇ ಉಳಿಸಿಕೊಂಡು ಕತಕಾನಾ ಮಾಡಿದರು. ಓಟದ ಬರವಣಿಗೆಯಿಂದ ಹಿರಗಾನಾ ಹುಟ್ಟಿತು. ಅದಕ್ಕೆ ಹೆಂಗಸರ ಕೈಬರಹ ಎಂಬ ಅಡ್ಡಹೆಸರು. ಗಂಡಸರು ಗಂಭೀರವಾಗಿ ಚೀನೀ ಬರೆಯುತ್ತ ಕೂತಿದ್ದಾಗ, ಆ ಕೈಬರಹದಲ್ಲಿ ಮುರಸಾಕಿ ಶಿಕಿಬು ಹನ್ನೊಂದನೆಯ ಶತಮಾನದ ಆರಂಭದಲ್ಲಿ ‘ಗೆಂಜಿಯ ಕಥೆ’ ಬರೆದಳು. ಅದಕ್ಕೂ ಮುಂಚೆ ಕಿ ನೋ ತ್ಸುರಾಯುಕಿ ಎಂಬ ಕವಿ ಮನೆಮಾತಿನಲ್ಲಿ ದಿನಚರಿ ಬರೆಯುವ ಆಸೆಯಿಂದ ತಾನು ಹೆಂಗಸೆಂದು ನಟಿಸಬೇಕಾಯಿತು.

ಒಟ್ಟಾಗಿ ಕಾನಾ ಎನ್ನುವ ಈ ಅಕ್ಷರಗಳನ್ನು ಜಪಾನಿನ ಮಕ್ಕಳು ಕಲಿಯುವ ಕ್ರಮ ಕೇಳಿದರೆ ಕನ್ನಡದ ಕಿವಿ ನಿಮಿರುತ್ತದೆ: ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತ ವರ್ಣಮಾಲೆಯ ಕ್ರಮವಿದು. ಸಿದ್ಧಂ ಲಿಪಿಯಲ್ಲಿ ಬೌದ್ಧ ಮಂತ್ರಗಳನ್ನು ಓದುತ್ತಿದ್ದ ಭಿಕ್ಷುಗಳಿಂದ ಬಂದದ್ದು. 736ರಲ್ಲಿ ಬೋಧಿಸೇನನೆಂಬ ಭಾರತೀಯ ಭಿಕ್ಷು ಜಪಾನಿಗೆ ಹೋಗಿ, 752ರಲ್ಲಿ ನಾರಾದ ಮಹಾಬುದ್ಧನಿಗೆ ಕಣ್ಣು ಬರೆದ ಕಾಲದ ನೆನಪು ಇದರ ಹಿಂದಿದೆ. ಆದರೆ ಚ ಇರಬೇಕಾದಲ್ಲಿ ಸ, ಪ ಇರಬೇಕಾದಲ್ಲಿ ಹ ಯಾಕೆ ಬಂತು? ಕ್ರಮ ಕಟ್ಟಿದವರ ಬಾಯಲ್ಲಿ ಆ ಸ ಚಕಾರಕ್ಕೆ ಹತ್ತಿರವಿತ್ತು, ಹ ಎಂಬುದು ತುಟಿಯಲ್ಲಿ ಹುಟ್ಟುವ ಧ್ವನಿಯಾಗಿತ್ತು. ಇನ್ನೂ ಹಿಂದಕ್ಕೆ ಹೋದರೆ ಅದು ಪಕಾರವೇ ಎಂದು 1898ರಲ್ಲಿ ಉಎದಾ ಕಜುತೋಶಿ ವಾದಿಸಿದರು. ಹೂವಿಗೆ ಇಂದಿನ ಜಪಾನಿಯಲ್ಲಿ ‘ಹನಾ’. 1603ರ ಪೋರ್ಚುಗೀಸ್ ನಿಘಂಟು ಅದನ್ನು ‘ಫನಾ’ ಎಂದು ಬರೆದಿದೆ. ದಕ್ಷಿಣದ ಮಿಯಾಕೋ ದ್ವೀಪದಲ್ಲಿ ಅದು ಇನ್ನೂ ‘ಪನಾ’. ಹಳಗನ್ನಡದ ‘ಪೂ’ ಕೂಡ ಹೀಗೆಯೇ ‘ಹೂ’ ಆಯಿತು. ಇದರಿಂದ ನಂಟಸ್ತಿಕೆ ಸಾಬೀತಾಗುವುದಿಲ್ಲ. ಪಕಾರ ಸಡಿಲವಾಗಿ ಹಕಾರವಾಗುವುದು ಲೋಕದ ಎಷ್ಟೋ ಭಾಷೆಗಳಲ್ಲಿ ನಡೆದಿದೆ.

ಕೊರಿಯಾ ಹಿಡಿದದ್ದು ಬೇರೆ ದಾರಿ. ರಾಜ ಸೆಜೋಂಗ್ 1443ರಲ್ಲಿ 28 ಅಕ್ಷರಗಳ ಹೊಸ ಲಿಪಿಯನ್ನೇ ರಚಿಸಿ 1446ರಲ್ಲಿ ಪ್ರಕಟಿಸಿದ. ಇಂದು ಹಂಗುಲ್ ಎಂದು ಹೆಸರಾದ ಈ ಲಿಪಿಯಲ್ಲಿ ಕ ಬರೆದರೆ ಗಂಟಲನ್ನು ಮುಚ್ಚುವ ನಾಲಿಗೆಯ ಬುಡದ ಚಿತ್ರ, ನ ಬರೆದರೆ ಮೇಲಂಗುಳಕ್ಕೆ ತಾಗುವ ನಾಲಿಗೆ, ಮ ಬರೆದರೆ ಮುಚ್ಚಿದ ಬಾಯಿ. ಧ್ವನಿಗಳನ್ನು ಹುಟ್ಟುವ ಸ್ಥಾನದ ಮೇಲೆ ವಿಂಗಡಿಸುವ ವಿದ್ಯೆ ಸೆಜೋಂಗನಿಗೆ ಚೀನೀ ಧ್ವನಿಶಾಸ್ತ್ರದಿಂದ ಬಂತು. ಚೀನಾಕ್ಕೆ ಅದು ಬೌದ್ಧರ ಮೂಲಕ ಭಾರತದಿಂದ ಬಂದಿತ್ತು. ಆಸ್ಥಾನದ ಹಿರಿಯ ವಿದ್ವಾಂಸ ಚ್ವೆ ಮಾಲ್ಲಿ 1444ರಲ್ಲೇ ಉದ್ದನೆಯ ವಿರೋಧಪತ್ರ ಕೊಟ್ಟ. ಸ್ವಂತ ಲಿಪಿ ಇಟ್ಟುಕೊಂಡವರೆಲ್ಲ ಮಂಗೋಲರು, ಟಿಬೆಟನ್ನರು, ಜಪಾನೀಯರಂಥ ಅನಾಗರಿಕರು. ಚೀನಾದ ಅಕ್ಷರ ಬಿಟ್ಟರೆ ಅವರ ಸಾಲಿಗೆ ಸೇರಿಬಿಡುತ್ತೇವೆ ಎಂಬುದು ಅವನ ಅಂಜಿಕೆ. ರಾಜ ಕಿವಿಗೊಡಲಿಲ್ಲ. ಆದರೆ ಪಂಡಿತರೂ ಬಗ್ಗಲಿಲ್ಲ; ಮುಂದಿನ ನಾಲ್ಕು ನೂರು ವರ್ಷ ರಾಜ್ಯದ ಗಂಭೀರ ಬರಹ ಚೀನೀಯಲ್ಲೇ ನಡೆಯಿತು.

ಶಿಷ್ಯರು ಕಲಿತ ಪಾಠವನ್ನು ಎಷ್ಟು ನಿಷ್ಠೆಯಿಂದ ಕಾಪಾಡಿದರೆಂದರೆ, ಮೇಷ್ಟ್ರೇ ಮರೆತದ್ದು ಶಿಷ್ಯರಲ್ಲಿ ಉಳಿದಿದೆ. ‘ವಿದ್ಯೆ’ ಎಂಬರ್ಥದ ಅಕ್ಷರ ಮ್ಯಾಂಡರಿನ್ನಿನಲ್ಲಿ ಈಗ ‘ಶ್ಯುಎ’, ಕೊರಿಯಾದಲ್ಲಿ ‘ಹಾಕ್’, ಜಪಾನಿನಲ್ಲಿ ‘ಗಾಕು’. ‘ದೇಶ’ಕ್ಕೆ ‘ಗ್ವೊ’, ‘ಗುಕ್’, ‘ಕೊಕು’. ಕೊನೆಯ ಕಕಾರವನ್ನು ಬೀಜಿಂಗ್ ಕಳೆದುಕೊಂಡಿದೆ. ಅದು ಉಳಿದಿರುವುದು ದಕ್ಷಿಣದ ಕ್ಯಾಂಟನೀಸಿನಲ್ಲಿ ಮತ್ತು ಹೊರನಾಡುಗಳಲ್ಲಿ. ಸ್ವೀಡನ್ನಿನ ಬರ್ನ್‌ಹಾರ್ಡ್ ಕಾರ್ಲ್‌ಗ್ರೆನ್ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹಳೆಯ ಚೀನೀ ಉಚ್ಚಾರವನ್ನು ಪುನಾರಚಿಸಿದಾಗ, 601ರ ಪ್ರಾಸಕೋಶದ ಜೊತೆಗೆ ಇಂಥ ಕೊರಿಯನ್, ಜಪಾನೀ ಓದುಗಳನ್ನೇ ಸಾಕ್ಷಿಗೆ ಕರೆದರು. ಜಪಾನಿನಲ್ಲಂತೂ ಒಂದೇ ಅಕ್ಷರ ಬೇರೆಬೇರೆ ಶತಮಾನಗಳಲ್ಲಿ ಮತ್ತೆಮತ್ತೆ ಬಂದಿಳಿದಿದೆ. ‘ಬೆಳಕು’ ಎಂಬ ಅಕ್ಷರಕ್ಕೆ ಹಳೆಯ ಬೌದ್ಧ ಪದಗಳಲ್ಲಿ ‘ಮ್ಯೋ’, ಟಾಂಗ್ ಅರಸರ ಕಾಲದ ವಿದ್ಯೆಯ ಪದಗಳಲ್ಲಿ ‘ಮೇ’, ಚೀನಾದ ರಾಜವಂಶದ ಹೆಸರಾದಾಗ ‘ಮಿನ್’. ಯಾವುದನ್ನೂ ಎಸೆಯದೆ ಮೂರನ್ನೂ ಇಟ್ಟುಕೊಂಡರು. ಜಪಾನೀ ಕಲಿಯುವವರ ತಲೆನೋವಿಗೆ ಇದೇ ಮೂಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಹರಿವು ತಿರುಗಿತು. ಯುರೋಪಿನ ವಿಚಾರಗಳಿಗೆ ಹೆಸರಿಡಲು ಜಪಾನಿನ ವಿದ್ವಾಂಸರು ಚೀನೀ ಅಕ್ಷರಗಳನ್ನೇ ಜೋಡಿಸಿ ಹೊಸ ಪದ ಟಂಕಿಸಿದರು. ನಿಶಿ ಅಮಾನೆ ತತ್ತ್ವಶಾಸ್ತ್ರಕ್ಕೆ ‘ತೆತ್ಸುಗಾಕು’ ಎಂದ. ದೂರವಾಣಿ ‘ದೆನ್ವಾ’ ಆಯಿತು. ಇವು ಚೀನಾಕ್ಕೂ ಕೊರಿಯಾಕ್ಕೂ ದಾಟಿ ‘ಝೆಶ್ಯುಎ, ಚೊಲ್ಹಾಕ್’, ‘ದ್ಯೆನ್‌ಹ್ವಾ, ಜೊನ್‌ಹ್ವಾ’ ಆದವು. ಗಣರಾಜ್ಯ ಎಂಬುದಕ್ಕೆ ಜಪಾನೀಯರು ಎತ್ತಿಕೊಂಡ ‘ಕ್ಯೋವಾ’ ಪದದ ಕಥೆ ಇನ್ನೂ ಸ್ವಾರಸ್ಯದ್ದು. ಅದು ಕ್ರಿ.ಪೂ. 841ರಲ್ಲಿ ರಾಜನಿಲ್ಲದೆ ಚೀನಾ ನಡೆದ ಕಾಲಾವಧಿಯ ಹೆಸರು. ಹಳೆಯ ಚೀನೀ ಇತಿಹಾಸ ಪುಸ್ತಕದಿಂದ ಹೊರಟ ಆ ಪದ ಜಪಾನಿನಲ್ಲಿ ಹೊಸ ಅರ್ಥ ತೊಟ್ಟು ತವರಿಗೆ ಮರಳಿ, ಇಂದು ಚೀನಾ ದೇಶದ ಅಧಿಕೃತ ಹೆಸರಿನೊಳಗೇ ಕೂತಿದೆ.

ಹಂಚಿಕೊಂಡ ಪದಗಳೆಲ್ಲ ಒಂದೇ ಅರ್ಥದಲ್ಲಿ ಉಳಿದಿಲ್ಲ. ಮಾತು ಕೊಡುವುದಕ್ಕೆ ಜಪಾನಿನಲ್ಲಿ ‘ಯಾಕುಸೊಕು’, ಕೊರಿಯಾದಲ್ಲಿ ‘ಯಾಕ್ಸೊಕ್’. ಅವೇ ಅಕ್ಷರಗಳು ಚೀನಾದಲ್ಲಿ ಕಟ್ಟುಪಾಡು, ನಿರ್ಬಂಧ. ಕನ್ನಡದ ಮಕ್ಕಳಿಗೂ ಗೊತ್ತಿರುವ ‘ಕುಂಗ್ ಫು’ ಚೀನಾದಲ್ಲಿ ಪಳಗಿದ ಕೌಶಲ. ಅದೇ ಅಕ್ಷರಗಳನ್ನು ಕೊರಿಯಾದಲ್ಲಿ ‘ಗೊಂಗ್ಬು’ ಎಂದು ಓದಿದರೆ ಪರೀಕ್ಷೆಗೆ ಕೂತು ಓದುವುದು. ಜಪಾನಿನವನು ಪ್ರೀತಿಯಿಂದ ಬರೆದ ‘ಕಾಗದ’ ಎಂಬ ಪದವನ್ನು ಚೀನಾದವನು ಓದಿದರೆ ಶೌಚಾಲಯದಲ್ಲಿ ಬಳಸುವ ಕಾಗದ ಎಂದಾಗುತ್ತದೆ. ಲಿಪಿಯೂ ಈಗ ಚದುರಿದೆ. ಚೀನಾ 1956ರಿಂದ ಅಕ್ಷರಗಳ ಗೆರೆ ಕಡಿಮೆ ಮಾಡಿತು. ಜಪಾನು ತನ್ನದೇ ರೀತಿಯಲ್ಲಿ ಸರಳಗೊಳಿಸಿ, 2010ರ ಪಟ್ಟಿಯಂತೆ ನಿತ್ಯ ಬಳಕೆಗೆ 2,136 ಅಕ್ಷರ ಸಾಕೆಂದಿತು. ಉತ್ತರ ಕೊರಿಯಾ 1949ರಲ್ಲೇ ಚೀನೀ ಅಕ್ಷರಗಳನ್ನು ಕೈಬಿಟ್ಟಿತು. ದಕ್ಷಿಣದಲ್ಲಿ ಅವು ಮೆಲ್ಲಗೆ ಹಿಂದೆ ಸರಿದವು. 2014ರಲ್ಲಿ ಮೂರೂ ದೇಶದ ವಿದ್ವಾಂಸರು ಕೂತು, ಎಲ್ಲರಿಗೂ ಬೇಕಾದ 808 ಅಕ್ಷರಗಳ ಪಟ್ಟಿಯೊಂದನ್ನು ಒಪ್ಪಿಕೊಂಡರು.

ಇಷ್ಟೆಲ್ಲ ಕಲಿತದ್ದರ ಕಥೆ. ಹುಟ್ಟಿನ ಪ್ರಶ್ನೆ ಇನ್ನೂ ಉಳಿದಿದೆ. ಜಪಾನೀ, ಕೊರಿಯನ್ ಎರಡೂ ಚೀನೀ ಕುಲದವಲ್ಲವಾದರೆ, ಅವೆರಡೂ ಪರಸ್ಪರ ಬಂಧುಗಳೇ?

ಫಿನ್‌ಲ್ಯಾಂಡಿನ ಜಿ. ಜೆ. ರಾಮ್‌ಸ್ಟೆಡ್ ಟೋಕಿಯೋದಲ್ಲಿ ತನ್ನ ದೇಶದ ಮೊದಲ ರಾಯಭಾರಿಯಾಗಿದ್ದವನು. ಕಚೇರಿ ಕೆಲಸದ ನಡುವೆ ಕೊರಿಯನ್ ಕಲಿತು ವ್ಯಾಕರಣ ಬರೆದ. ತುರ್ಕಿ, ಮಂಗೋಲ್, ಮಂಚು ಭಾಷೆಗಳ ‘ಅಲ್ಟಾಯಿಕ್’ ಬಳಗಕ್ಕೆ ಕೊರಿಯನ್ನನ್ನೂ ಸೇರಿಸಿದ. ಬಳಿಕ ಜಪಾನಿಯೂ ಸೇರಿತು. ಇಂದು ಆ ಬಳಗವೇ ಅನುಮಾನದಲ್ಲಿದೆ. ಹೋಲಿಕೆಗಳು ಹುಟ್ಟಿನವಲ್ಲ, ನೆರೆಹೊರೆಯವು ಎನ್ನುವವರೇ ಹೆಚ್ಚು. ಕೊರಿಯಾದಲ್ಲಿದ್ದ ಅಮೆರಿಕದ ಹೋಮರ್ ಹಲ್ಬರ್ಟ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಬರೆದರು. ಮುಂದೆ ಜಪಾನಿನ ಸುಸುಮು ಓನೋ ತಮ್ಮ ಭಾಷೆಯ ಬೇರನ್ನು ತಮಿಳಿನಲ್ಲಿ ಹುಡುಕಿದರು. ಎರಡೂ ವಾದಗಳು ವಿದ್ವಾಂಸರ ಒಪ್ಪಿಗೆ ಪಡೆಯಲಿಲ್ಲ. ಈಗ ಕೊರಿಯನ್ ಧಾರಾವಾಹಿ ನೋಡುವ ಕನ್ನಡದ ಹುಡುಗಿಯರು ಅಲ್ಲಿನ ಮಕ್ಕಳು ‘ಅಪ್ಪಾ’ ಎಂದು ಕರೆಯುವುದನ್ನು ಕೇಳಿ ರೋಮಾಂಚಗೊಳ್ಳುತ್ತಾರೆ. ರೋಮಾಂಚ ಸರಿಯೇ. ಆದರೆ ತುಟಿ ಕೂಡಿಸಿ ತೆರೆದರೆ ಬರುವ ಈ ಶಬ್ದಗಳು ಜಗತ್ತಿನ ಎಲ್ಲ ತೊಟ್ಟಿಲುಗಳಲ್ಲೂ ಇವೆ.

ಗಟ್ಟಿ ಸುಳಿವು ಸಿಕ್ಕಿದ್ದು ಊರ ಹೆಸರುಗಳಲ್ಲಿ. ಸಿಲ್ಲಾ ರಾಜ್ಯ 757ರಲ್ಲಿ ಕೊರಿಯಾದ ಹಳೆಯ ಊರುಗಳಿಗೆ ಚೀನೀ ಮಾದರಿಯ ಹೆಸರು ಕೊಟ್ಟಿತು. 1145ರಲ್ಲಿ ಮುಗಿದ ‘ಸಾಮ್‌ಗುಕ್ ಸಾಗಿ’ ಎಂಬ ಇತಿಹಾಸ ಗ್ರಂಥದ ಭೂಗೋಳ ಭಾಗ ಹಳೆಯ ಹೆಸರನ್ನೂ ಹೊಸದನ್ನೂ ಅಕ್ಕಪಕ್ಕ ದಾಖಲಿಸಿದೆ. ಹೊಸ ಹೆಸರು ಅರ್ಥ ಹೇಳುತ್ತದೆ, ಹಳೆಯದು ಉಚ್ಚಾರ. ಜಪಾನಿನ ಶಿನ್ಮುರಾ ಇಜುರು 1916ರಲ್ಲಿ ಇದನ್ನು ಜಾಲಾಡಿ ತೋರಿಸಿದ್ದು ಬೆರಗಿನ ಸಂಗತಿ. ಗೊಗುರ್ಯೋ ಆಳಿದ್ದ ಸೀಮೆಯ ಊರುಗಳಲ್ಲಿ ‘ಮೂರು’ ಇರುವಲ್ಲಿ ‘ಮಿಲ್’, ‘ಐದು’ ಇರುವಲ್ಲಿ ‘ಉಚಾ’, ‘ಏಳು’ ಇರುವಲ್ಲಿ ‘ನಾನುನ್’, ‘ಹತ್ತು’ ಇರುವಲ್ಲಿ ‘ತೊಕ್’. ಜಪಾನಿಯ ಸ್ವಂತ ಸಂಖ್ಯೆಗಳು ‘ಮಿ, ಇತ್ಸು, ನಾನಾ, ತೋ’. ಕಣಿವೆಗೆ ಅಲ್ಲಿ ‘ತಾನ್’, ಜಪಾನಿಯಲ್ಲಿ ‘ತಾನಿ’. ಕೊರಿಯನ್ನಿನೊಂದಿಗೆ ಹೊಂದದ ಸಂಖ್ಯೆಗಳು ಕೊರಿಯಾದ ಮಣ್ಣಿನಲ್ಲೇ ಸಿಕ್ಕವು! ಅಂದರೆ ಜಪಾನೀ ಭಾಷೆಯ ಹಿರೀಕರು ಒಂದು ಕಾಲಕ್ಕೆ ಕೊರಿಯಾದ ಪರ್ಯಾಯ ದ್ವೀಪದಲ್ಲಿ ಬಾಳಿದ್ದರು ಎಂದು ಅನೇಕರು ಊಹಿಸುತ್ತಾರೆ. ಆ ಹೆಸರುಗಳು ಗೊಗುರ್ಯೋದವರವೇ, ಅವರಿಗಿಂತ ಮೊದಲು ಅಲ್ಲಿದ್ದವರವೇ ಎಂಬ ಜಗಳ ನಿಂತಿಲ್ಲ.

ಅಗೆತದ ಸಾಕ್ಷ್ಯವೂ ಇತ್ತಲೇ ಬೆರಳು ತೋರುತ್ತದೆ. ನೀರುಗದ್ದೆಯ ಬತ್ತ ಕ್ರಿ.ಪೂ. ಮೊದಲ ಸಹಸ್ರಮಾನದಲ್ಲಿ ಕೊರಿಯಾದಿಂದ ಕ್ಯೂಶೂವಿಗೆ ದಾಟಿತು; ಬತ್ತದ ಜೊತೆ ಜನ ಬಂದರು, ಬೇಟೆ ಮತ್ತು ಮೀನಿನ ಮೇಲೆ ಬದುಕಿದ್ದ ಜೋಮೋನ್ ಜನರೊಡನೆ ಬೆರೆತರು. ಇಂದಿನ ಜಪಾನೀಯರ ವಂಶವಾಹಿಗಳಲ್ಲಿ ಈ ಬೆರಕೆ ಕಾಣುತ್ತದೆ. ವಲಸೆ ಆಮೇಲೂ ನಿಲ್ಲಲಿಲ್ಲ. 815ರ ಜಪಾನೀ ವಂಶಾವಳಿ ಗ್ರಂಥ ರಾಜಧಾನಿ ಸೀಮೆಯ 1,182 ಕುಲಗಳನ್ನು ಹೆಸರಿಸಿದೆ. ಅವುಗಳಲ್ಲಿ 326 ಕುಲಗಳ ಮೂಲ ಚೀನಾ ಇಲ್ಲವೇ ಕೊರಿಯಾ.

1971ರಲ್ಲಿ ಕೊರಿಯಾದ ಗೊಂಗ್ಜು ಪಟ್ಟಣದಲ್ಲಿ ಚರಂಡಿ ತೋಡುವಾಗ ಪೆಕ್ಚೆಯ ರಾಜ ಮುರ್ಯೋಂಗನ ಗೋರಿ ತೆರೆದುಕೊಂಡಿತು. ಕಳ್ಳರ ಕೈ ತಾಗದ ಗೋರಿ. 523ರಲ್ಲಿ ಸತ್ತನೆಂದು ಚೀನೀ ಅಕ್ಷರದ ಶಾಸನ ಹೇಳುತ್ತದೆ. ಗೋರಿ ಕಟ್ಟಿದ ಇಟ್ಟಿಗೆಯ ಶೈಲಿ ದಕ್ಷಿಣ ಚೀನಾದ್ದು, ಒಳಗೆ ಚೀನಾದ ನಾಣ್ಯ, ಪಿಂಗಾಣಿ. ಶವಪೆಟ್ಟಿಗೆಯ ಮರ ಜಪಾನಿನಲ್ಲಷ್ಟೇ ಬೆಳೆಯುವ ಕೊಯಾಮಾಕಿ. ಮೂರು ನಾಡುಗಳ ನಂಟಿಗೆ ಇದಕ್ಕಿಂತ ಒಳ್ಳೆಯ ಮ್ಯೂಸಿಯಂ ಬೇಡ. ಈ ರಾಜನ ವಂಶದವಳೇ ಕ್ಯೋಟೋ ನಗರವನ್ನು ರಾಜಧಾನಿ ಮಾಡಿದ ಚಕ್ರವರ್ತಿ ಕನ್ಮುವಿನ ತಾಯಿ ಎಂದು ಜಪಾನಿನ ಅಧಿಕೃತ ಇತಿಹಾಸವೇ ಬರೆದಿದೆ. 2001ರ ಡಿಸೆಂಬರಿನಲ್ಲಿ ಚಕ್ರವರ್ತಿ ಅಕಿಹಿತೊ ಅದನ್ನು ನೆನೆದು, ಕೊರಿಯಾದೊಡನೆ ತಮಗೆ ಒಂದು ಬಾಂಧವ್ಯ ಅನಿಸುತ್ತದೆ ಎಂದಾಗ ಕೊರಿಯಾದ ಪತ್ರಿಕೆಗಳಿಗೆ ಅದು ದೊಡ್ಡ ಸುದ್ದಿ. ಜಪಾನಿನಲ್ಲಿ ಅಷ್ಟು ಗದ್ದಲವಾಗಲಿಲ್ಲ.

ಮೂಲದ ಮಾತಿಗೆ ಆ ನಾಡುಗಳಲ್ಲಿ ಇಷ್ಟು ಸೂಕ್ಷ್ಮತೆ ಇರುವುದಕ್ಕೆ ಕಾರಣವಿದೆ. 1910ರಲ್ಲಿ ಜಪಾನು ಕೊರಿಯಾವನ್ನು ನುಂಗಿಕೊಂಡ ವರ್ಷವೇ ಕನಜಾವಾ ಶೋಜಬುರೋ ಎಂಬ ವಿದ್ವಾಂಸ ಎರಡೂ ಭಾಷೆಗಳು ಒಂದೇ ಮೂಲದವೆಂದು ಪುಸ್ತಕ ಪ್ರಕಟಿಸಿದರು. ಒಂದೇ ಮೂಲವಾದರೆ ಎರಡು ಭಾಷೆ ಯಾಕೆ ಎಂದು ಆಳುವವರು ತರ್ಕ ಮುಂದುವರಿಸಿದರು. 1938ರ ಹೊತ್ತಿಗೆ ಶಾಲೆಗಳಲ್ಲಿ ಕೊರಿಯನ್ ಐಚ್ಛಿಕವಾಗಿ, ಬಳಿಕ ಮಾಯವಾಯಿತು. 1940ರಲ್ಲಿ ಜಪಾನೀ ಹೆಸರಿಟ್ಟುಕೊಳ್ಳುವ ಒತ್ತಾಯ ಬಂತು. ಇತ್ತೀಚೆಗೆ, 2021ರಲ್ಲಿ, ‘ನೇಚರ್’ ಪತ್ರಿಕೆಯಲ್ಲಿ ಮಾರ್ಟೀನ್ ರಾಬೀಟ್ಸ್ ಮತ್ತು ಸಂಗಡಿಗರು ಜಪಾನೀ, ಕೊರಿಯನ್, ಮಂಗೋಲ್, ತುರ್ಕಿ ಎಲ್ಲವೂ ಒಂಬತ್ತು ಸಾವಿರ ವರ್ಷ ಹಿಂದೆ ಲ್ಯಾವೋ ನದಿಯ ಕಿರುಧಾನ್ಯ ಬೇಸಾಯಗಾರರಿಂದ ಹರಡಿದವೆಂದು ವಾದಿಸಿದಾಗಲೂ, ಅವರ ಪದಪಟ್ಟಿಯ ತಪ್ಪುಗಳನ್ನು ಹೆಕ್ಕಿ ತೋರಿಸುವ ಟೀಕೆಗಳು ಕೂಡಲೇ ಬಂದವು. ಟೀಕೆ ಶಾಸ್ತ್ರೀಯವೇ. ಆದರೂ ಈ ವಿಷಯದಲ್ಲಿ ಯಾರೂ ಯಾವುದನ್ನೂ ಸುಮ್ಮನೆ ನಂಬುವುದಿಲ್ಲ.

ವಸಾಹತು ಕಾಲದಲ್ಲಿ ಕೊರಿಯನ್ ಭಾಷಾ ಸಂಘದ ವಿದ್ವಾಂಸರು ಗುಟ್ಟಾಗಿಯೇ ಎಂಬಂತೆ ದೊಡ್ಡ ನಿಘಂಟೊಂದನ್ನು ಕಟ್ಟುತ್ತಿದ್ದರು. 1942ರಲ್ಲಿ ಪೊಲೀಸರು ಅವರನ್ನು ಹಿಡಿದು ಹಸ್ತಪ್ರತಿಯನ್ನು ಕಸಿದುಕೊಂಡರು. ಇಬ್ಬರು ಸೆರೆಮನೆಯಲ್ಲೇ ತೀರಿಕೊಂಡರು. ಜಪಾನು ಸೋತ ಮೇಲೆ, 1945ರ ಸೆಪ್ಟೆಂಬರಿನಲ್ಲಿ, ಆ ಹಸ್ತಪ್ರತಿ ಸೋಲ್ ರೈಲು ನಿಲ್ದಾಣದ ಸರಕು ಕೋಠಿಯಲ್ಲಿ ಪತ್ತೆಯಾಯಿತು. ಮೊದಲ ಸಂಪುಟ 1947ರ ಅಕ್ಟೋಬರ್ 9ರಂದು, ಹಂಗುಲ್ ದಿನದಂದೇ ಬಂತು, ಆರನೆಯದು 1957ರಲ್ಲಿ. ಕೊರಿಯನ್ ನುಡಿಯನ್ನು ಪ್ರಾಣ ಒತ್ತೆಯಿಟ್ಟು ಉಳಿಸಿದವರ ಆ ನಿಘಂಟಿನಲ್ಲಿ ಪದಗಳನ್ನು ಎಣಿಸಿದರೆ ಅರ್ಧಕ್ಕಿಂತ ಹೆಚ್ಚು ಚೀನೀ ಮೂಲದವು. ಅವನ್ನು ತೆಗೆದುಹಾಕಬೇಕೆಂದು ಸಂಪಾದಕರಿಗೆ ಅನ್ನಿಸಲಿಲ್ಲ. ಅಷ್ಟೊತ್ತಿಗೆ ಅವೂ ಕೊರಿಯನ್ನೇ ಆಗಿದ್ದವು.